ಪರ್ವದ ಗಡಿಬಿಡಿಯಲ್ಲಿ ಪ್ರಮೋದಕ್ಕೂ ಒಂದು ಘಳಿಗೆ

ಭಾದ್ರಪದ ಮಾಸ ಬಂದಿತೆಂದರೆ ಜೈನರ ಮನೆಗಳಲ್ಲಿ ದಿನಚರಿಯೇ ಬದಲಾಗುತ್ತದೆ. ಶ್ವೇತಾಂಬರ ಸಂಪ್ರದಾಯದಲ್ಲಿ ಶ್ರಾವಣದ ಕೊನೆಗೆ ಆರಂಭವಾಗುವ ಎಂಟು ದಿನಗಳ ಪರ್ಯುಷಣ ಪರ್ವವು ಭಾದ್ರಪದ ಶುದ್ಧ ಚೌತಿ ಅಥವಾ ಪಂಚಮಿಯ ಸಂವತ್ಸರಿಯಲ್ಲಿ ಪೂರ್ಣಗೊಳ್ಳುತ್ತದೆ. ದಿಗಂಬರ ಸಂಪ್ರದಾಯದಲ್ಲಿ ಪಂಚಮಿಯಂದು ತೊಡಗುವ ದಶಲಕ್ಷಣ ಪರ್ವವು ಅನಂತ ಚತುರ್ದಶಿಯವರೆಗೆ ನಡೆಯುತ್ತದೆ. ಷೋಡಶಕಾರಣ ವ್ರತವನ್ನು ಹಿಡಿದವರಿಗೆ ತಿಂಗಳಿಡೀ ನಿಯಮ. ನಡುವೆ ಸುಗಂಧ ದಶಮಿ, ಅನಂತನ ನೋಂಪಿ, ಹನ್ನೆರಡನೆಯ ತೀರ್ಥಂಕರ ವಾಸುಪೂಜ್ಯ ಸ್ವಾಮಿಯ ನಿರ್ವಾಣ ಕಲ್ಯಾಣಕದ ಪೂಜೆ. ಊರಿನಲ್ಲಿ ಚಾತುರ್ಮಾಸಕ್ಕೆ ನೆಲೆಸಿದ ಮುನಿಗಳಿದ್ದರೆ ಆಹಾರದಾನದ ಸಿದ್ಧತೆ, ಪ್ರವಚನ, ಸಂಜೆಯ ಆರತಿ. ಹೊರಗೆ ಊರೆಲ್ಲ ಗೌರಿ ಗಣೇಶ ಹಬ್ಬದ ಸಡಗರದಲ್ಲಿರುತ್ತದೆ. ಕಚೇರಿ, ಅಂಗಡಿ, ಶಾಲೆಗಳು ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ.

ಇಷ್ಟೆಲ್ಲ ನಡೆದು ಚತುರ್ದಶಿಯ ರಾತ್ರಿ ಮನೆಯವರೆಲ್ಲ ಮಲಗುವ ಹೊತ್ತಿಗೆ, ಹಲವರ ಮನಸ್ಸಿನಲ್ಲಿ ಉಳಿಯುವುದು ಶಾಂತಿಯಲ್ಲ, ದಣಿವು. ‘ಅಂತೂ ಈ ವರ್ಷದ್ದು ಮುಗಿಯಿತು’ ಎಂಬ ನಿಟ್ಟುಸಿರು. ಕಷಾಯಗಳನ್ನು ಹಗುರಗೊಳಿಸಬೇಕಾದ ಪರ್ವವೇ ಹೊಸ ಭಾರವೊಂದನ್ನು ಹೊರಿಸಿ ಹೋಗಿರುತ್ತದೆ. ಉತ್ತಮ ಕ್ಷಮೆಯ ದಿನವೇ ಅಡುಗೆಮನೆಯಲ್ಲಿ ಮಾತಿಗೆ ಮಾತು ಬೆಳೆದಿರುತ್ತದೆ. ಉತ್ತಮ ಮಾರ್ದವದ ದಿನವೇ ಪೂಜೆಯ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕ ನಡೆದಿರುತ್ತದೆ. ಆಚರಣೆಯಲ್ಲಿ ಲೋಪವಾಗಿಲ್ಲ. ಅಭಿಷೇಕ ಹೊತ್ತಿಗೆ ಸರಿಯಾಗಿ ಆಗಿದೆ, ಉಪವಾಸ ನಿರ್ವಿಘ್ನವಾಗಿ ಮುಗಿದಿದೆ. ಹಾಗಿದ್ದರೂ ಏನೋ ತಪ್ಪಿಹೋಗಿದೆ. ಆ ತಪ್ಪಿಹೋದದ್ದು ಏನೆಂದು ವಿಚಾರಿಸುವುದು ಅಗತ್ಯ.

ಪ್ರಾಚೀನ ಆಚಾರ್ಯರು ಇದಕ್ಕೊಂದು ಹೆಸರನ್ನೇ ಕೊಟ್ಟಿದ್ದಾರೆ: ಅನಾದರ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಶ್ರಾವಕರ ವ್ರತಗಳಿಗೆ ತಗಲುವ ಅತಿಚಾರಗಳ, ಎಂದರೆ ದೋಷಗಳ, ಪಟ್ಟಿಯಿದೆ. ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಐದೈದು ಅತಿಚಾರಗಳು. ಎರಡರಲ್ಲಿಯೂ ಸಮಾನವಾಗಿ ಬರುವ ದೋಷಗಳು ಎರಡು: ಒಂದು ಅನಾದರ, ಮತ್ತೊಂದು ಸ್ಮೃತ್ಯನುಪಸ್ಥಾನ. ಅನಾದರವೆಂದರೆ ಉತ್ಸಾಹವಿಲ್ಲದಿರುವುದು, ಮಾಡುವ ಕ್ರಿಯೆಯಲ್ಲಿ ಮನಸ್ಸು ಅರಳದಿರುವುದು. ಸ್ಮೃತ್ಯನುಪಸ್ಥಾನವೆಂದರೆ ಏನು ಮಾಡುತ್ತಿದ್ದೇವೆಂಬ ನೆನಪೇ ಜಾರಿಹೋಗುವುದು. ಹಸಿದು ಬಳಲಿದವನು ಪೂಜೆಯನ್ನು ಒಲ್ಲದ ಮನಸ್ಸಿನಿಂದ ಮಾಡಿ ಮುಗಿಸಿದರೆ ಅವನ ಉಪವಾಸ ಕೆಟ್ಟುಹೋಗದಿದ್ದರೂ ಕಳಂಕಿತವಾಗುತ್ತದೆ ಎಂಬುದು ಅವರ ನಿಲುವು. ಅನ್ನ ನೀರನ್ನು ಬಿಟ್ಟರಷ್ಟೇ ವ್ರತ ಶುದ್ಧವಾಗುವುದಿಲ್ಲ.

ದಾನದ ವಿಷಯದಲ್ಲಿಯೂ ಇದೇ ಮಾತು ಬರುತ್ತದೆ. ದಾನ ಕೊಡುವವನಿಗೆ ಇರಬೇಕಾದ ಏಳು ಗುಣಗಳನ್ನು ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ಆ ಪಟ್ಟಿಗಳಲ್ಲಿ ಶ್ರದ್ಧೆ, ಭಕ್ತಿಗಳ ಜೊತೆಗೆ ‘ತುಷ್ಟಿ’ ಎಂಬ ಗುಣವೂ ಇದೆ. ಅಮೃತಚಂದ್ರ ಆಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾತೃವಿನ ಏಳು ಗುಣಗಳಲ್ಲಿ ಎರಡನ್ನು ಇದಕ್ಕಾಗಿಯೇ ಮೀಸಲಿಟ್ಟಿದೆ: ಅವಿಷಾದಿತ್ವ ಮತ್ತು ಮುದಿತ್ವ. ಕೊಡುವಾಗ ಖೇದವಿರಬಾರದು, ಅಷ್ಟೇ ಸಾಲದು, ಸಂತೋಷವೂ ಇರಬೇಕು. ಮುನಿಗಳಿಗೆ ಆಹಾರ ನೀಡುವ ಕೈ ನಡುಗದಿರುವುದು ಎಷ್ಟು ಮುಖ್ಯವೋ ಆ ಹೊತ್ತಿನಲ್ಲಿ ಮನಸ್ಸು ಕುಗ್ಗದಿರುವುದೂ ಅಷ್ಟೇ ಮುಖ್ಯ. ಸಂತೋಷವು ವ್ರತವೆಲ್ಲ ಮುಗಿದ ಮೇಲೆ ದೊರೆಯುವ ಬಹುಮಾನವಲ್ಲ. ಕ್ರಿಯೆಯ ಒಳಗೇ ಇರಬೇಕಾದ ಅಂಗ.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಜೈನ ಧರ್ಮ ವೈರಾಗ್ಯಪ್ರಧಾನವಾದದ್ದು. ಒಂಬತ್ತು ನೋಕಷಾಯಗಳಲ್ಲಿ ಹಾಸ್ಯವೂ ಇದೆ, ರತಿಯೂ ಇದೆ. ಇಷ್ಟವಾದುದರಲ್ಲಿ ಮನಸ್ಸು ರಮಿಸುವುದೇ ರತಿ. ಹಾಗಿರುವಾಗ ಸಣ್ಣಪುಟ್ಟ ಸಂತೋಷಗಳನ್ನು ಹುಡುಕಿಕೊಳ್ಳುವುದು ಬಂಧಕ್ಕೇ ದಾರಿಯಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದೇ ಒಂಬತ್ತರ ಪಟ್ಟಿಯಲ್ಲಿ ಅರತಿಯೂ ಇದೆ, ಶೋಕವೂ ಇದೆ ಎಂಬುದನ್ನು ಮರೆಯಬಾರದು. ರಮಿಸುವುದು ಹೇಗೆ ಕರ್ಮಕ್ಕೆ ಕಾರಣವೋ ಬೇಸರಗೊಳ್ಳುವುದೂ ಹಾಗೆಯೇ ಕಾರಣ. ಜೋಲುಮುಖವನ್ನು ವೈರಾಗ್ಯವೆಂದು ತಿಳಿಯುವವರು ಒಂದು ನೋಕಷಾಯವನ್ನು ಬಿಡುವ ಭರದಲ್ಲಿ ಇನ್ನೊಂದನ್ನು ತಬ್ಬಿಕೊಂಡಿರುತ್ತಾರೆ.

ಶ್ರಾವಕನಿಗೆ ತಕ್ಕ ಸಂತೋಷ ಯಾವುದೆಂಬುದನ್ನು ತತ್ತ್ವಾರ್ಥಸೂತ್ರದ ಅದೇ ಅಧ್ಯಾಯ ತೋರಿಸಿದೆ. ವ್ರತಿಗಳು ಭಾವಿಸಬೇಕಾದ ನಾಲ್ಕು ಭಾವನೆಗಳು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ. ಸಕಲ ಜೀವಿಗಳಲ್ಲಿ ಮೈತ್ರಿ, ತಮಗಿಂತ ಗುಣಾಧಿಕರಾದವರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ತಿದ್ದಿಕೊಳ್ಳಲೊಲ್ಲದವರಲ್ಲಿ ಮಾಧ್ಯಸ್ಥ್ಯ. ಕನ್ನಡ ನಾಡಿನವರೆಂದೇ ಪ್ರಸಿದ್ಧರಾದ ಪೂಜ್ಯಪಾದ ಆಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಪ್ರಮೋದವನ್ನು ವಿವರಿಸುವಾಗ, ಮುಖದ ಪ್ರಸನ್ನತೆಯಲ್ಲಿ ವ್ಯಕ್ತವಾಗುವ ಒಳಗಿನ ಭಕ್ತಿಯನ್ನು ಅದರ ಲಕ್ಷಣವೆಂದು ಹೇಳುತ್ತಾರೆ. ಅದರಲ್ಲಿ ರಾಗದ ಅಂಶವಿದೆ ಎಂಬುದನ್ನೂ ಅವರು ಮರೆಮಾಚುವುದಿಲ್ಲ. ಆದರೆ ಅದು ಪ್ರಶಸ್ತ ರಾಗ; ಗುಣವನ್ನು ಕಂಡು ಹುಟ್ಟುವಂಥದು. ರತಿಯು ವಸ್ತುವನ್ನು ತನ್ನದಾಗಿಸಿಕೊಳ್ಳಲು ಬಯಸುತ್ತದೆ. ಪ್ರಮೋದಕ್ಕೆ ಏನನ್ನೂ ಪಡೆಯಬೇಕಾಗಿಲ್ಲ. ಇನ್ನೊಬ್ಬರಲ್ಲಿರುವ ಒಳ್ಳೆಯದನ್ನು ಕಂಡು ತಣಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದುಂಟು. ಸಂತೋಷದ ಬೆನ್ನಿಗೆ ‘ಇನ್ನೂ ಬೇಕು’ ಎಂಬ ತಹತಹ ಬಂದರೆ ಅದು ರತಿ. ‘ಇಷ್ಟು ಸಾಕು’ ಎಂಬ ನೆಮ್ಮದಿ ಬಂದರೆ ಅದು ಪ್ರಮೋದದ ಜಾತಿಗೆ ಸೇರಿದ್ದು.

ಇಂತಹ ಸಂತೋಷಕ್ಕೆ ಭಾದ್ರಪದದ ಗಡಿಬಿಡಿಯಲ್ಲಿ ಬೇರೆಯಾಗಿ ಸಮಯ ಹೊಂದಿಸಬೇಕಾಗಿಲ್ಲ. ಮಾಡುತ್ತಿರುವ ಕೆಲಸಗಳಲ್ಲಿಯೇ ಅದು ಅಡಗಿದೆ. ಬೆಳಗ್ಗೆ ನೀರು ಸೋಸುವ ಕೆಲಸವನ್ನೇ ನೋಡಬಹುದು. ಮಡಿಸಿದ ಶುಭ್ರ ಬಟ್ಟೆಯ ಮೂಲಕ ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಯ ನೀರಿಗೆ ಮೆಲ್ಲಗೆ ಮರಳಿಸುವ ವಾಡಿಕೆ ತಲೆಮಾರುಗಳಿಂದ ಬಂದದ್ದು. ಅವಸರದಲ್ಲಿದ್ದಾಗ ಅದು ಎರಡು ನಿಮಿಷದ ಕಿರಿಕಿರಿ. ನೆನಪಿಟ್ಟು ಮಾಡಿದಾಗ, ಕಣ್ಣಿಗೆ ಕಾಣದ ಜೀವಗಳಿಗೂ ತಮ್ಮ ಮನೆಗೆ ಮರಳಲು ದಾರಿ ಮಾಡಿಕೊಟ್ಟ ತೃಪ್ತಿ. ಮಳೆಗಾಲದ ಸೊಪ್ಪಿನಲ್ಲಿ ಹುಳುಗಳು ಹೆಚ್ಚೆಂದು ಅದನ್ನು ಬಿಟ್ಟು ಬೇಳೆಕಾಳುಗಳನ್ನು ಒಂದೊಂದಾಗಿ ಆರಿಸಿ ಶುದ್ಧಗೊಳಿಸುವಾಗಲೂ ಹೀಗೆಯೇ. ಅಹಿಂಸೆಯೆಂಬ ದೊಡ್ಡ ಮಾತು ಕೈಬೆರಳುಗಳಿಗೆ ಎಟುಕುವುದು ಇಂತಹ ಸಣ್ಣ ಕೆಲಸಗಳಲ್ಲಿ.

ಸೂರ್ಯಾಸ್ತದ ನಿಯಮದಲ್ಲಿಯೂ ಅಂತಹ ಸುಖವೊಂದಿದೆ. ಬೆಂಗಳೂರಿನಂತಹ ನಗರದಲ್ಲಿ ಕೆಲಸ ಮಾಡುವ ಯುವಕ ಯುವತಿಯರಿಗೆ ರಾತ್ರಿಭೋಜನ ತ್ಯಾಗ ಸುಲಭವಲ್ಲ. ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆ ಐದೂವರೆಗೆ ಕಚೇರಿಯ ಮೂಲೆಯಲ್ಲಿ ಉಣ್ಣುವವರೂ ಇದ್ದಾರೆ. ಆದರೆ ನಿಯಮ ಪಾಲಿಸುವ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಆರಿರುತ್ತದೆ, ಪಾತ್ರೆಗಳು ತೊಳೆದಾಗಿರುತ್ತವೆ; ಮುಂದಿನ ಎರಡು ಮೂರು ತಾಸು ಯಾರಿಗೂ ಊಟ ಬಡಿಸಬೇಕಾಗಿಲ್ಲ. ಉಳಿದ ಜಗತ್ತು ಅಡುಗೆಗೆ ತೊಡಗುವ ಹೊತ್ತಿನಲ್ಲಿ ಈ ಮನೆಗೆ ಬಿಡುವು ದೊರೆತಿರುತ್ತದೆ. ಆ ಬಿಡುವನ್ನು ದೂರದರ್ಶನಕ್ಕೂ ಮೊಬೈಲಿಗೂ ಒಪ್ಪಿಸದೆ, ಮನೆಯವರೆಲ್ಲ ಒಟ್ಟಿಗೆ ಕುಳಿತು ಸ್ವಾಧ್ಯಾಯಕ್ಕೋ ಮಕ್ಕಳಿಗೆ ಒಂದು ಪುರಾಣಕಥೆ ಹೇಳುವುದಕ್ಕೋ ಬಳಸಿಕೊಂಡರೆ ನಿಯಮದ ನಿಜವಾದ ಬೆಲೆ ತಿಳಿಯುತ್ತದೆ. ದಶಲಕ್ಷಣದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುವ ಸಂಪ್ರದಾಯಕ್ಕೆ ಇದಕ್ಕಿಂತ ತಕ್ಕ ಹೊತ್ತು ಯಾವುದು?

ಸಾಮಾಯಿಕಕ್ಕೆ ಹೇಳಿರುವ ಅವಧಿ ಎರಡು ಘಳಿಗೆ, ಎಂದರೆ 48 ನಿಮಿಷ. ಹಬ್ಬದ ದಿನಗಳಲ್ಲಿ ಅಷ್ಟು ಹೊತ್ತು ಎಲ್ಲಿದೆ ಎಂದು ಕೇಳುವವರು ಉಂಟು. ಪೂಜೆಯ ಚಿತ್ರಗಳನ್ನು ಹಂಚಿಕೊಳ್ಳಲು, ಯಾರು ಯಾರ ಮನೆಗೆ ಯಾವಾಗ ಹೋಗಬೇಕೆಂದು ಮಾತಾಡಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆಂಬುದು ಅವರಿಗೂ ತಿಳಿದದ್ದೇ. ಏನನ್ನೂ ಸಾಧಿಸಬೇಕಾಗಿಲ್ಲದ, ಯಾರನ್ನೂ ಮೆಚ್ಚಿಸಬೇಕಾಗಿಲ್ಲದ ಎರಡು ಘಳಿಗೆ ಗೃಹಸ್ಥನ ದಿನದಲ್ಲಿ ಬೇರೆಲ್ಲಿಯೂ ಸಿಗಲಾರದು. ಸಮಭಾವದ ಅಭ್ಯಾಸಕ್ಕಾಗಿ ಏರ್ಪಟ್ಟ ಈ ಅವಧಿಯನ್ನು ಕರ್ತವ್ಯಗಳ ಪಟ್ಟಿಯಲ್ಲಿ ಇನ್ನೊಂದೆಂದು ಎಣಿಸುವ ಬದಲು ಪಟ್ಟಿಯಿಂದಲೇ ಬಿಡುಗಡೆಯೆಂದು ಎಣಿಸಿದರೆ ಅನಾದರ ತಾನಾಗಿ ಕರಗುತ್ತದೆ.

ಇದೆಲ್ಲ ಸರಿ, ಆದರೆ ಈ ಬಿಡುವು ಯಾರಿಗೆ ದಕ್ಕುತ್ತಿದೆ ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಹತ್ತು ದಿನಗಳ ಉಪವಾಸ ಮಾಡಿದ ಮಗನನ್ನೋ ಸೊಸೆಯನ್ನೋ ನೋಡಲು ನೆಂಟರಿಷ್ಟರು ಬರುತ್ತಾರೆ. ಸುಖ ವಿಚಾರಿಸುತ್ತಾರೆ, ಹಾರ ಹಾಕುತ್ತಾರೆ. ಅದು ಯೋಗ್ಯವೇ. ಆದರೆ ಅದೇ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಸೋಸಿ ಕಾಯಿಸಿದವಳು, ಮಡಿಯಿಂದ ಅಡುಗೆ ಮಾಡಿದವಳು, ಬಂದವರಿಗೆಲ್ಲ ಬಡಿಸಿದವಳು, ಪಾರಣೆಯ ದಿನ ಯಾವ ಪದಾರ್ಥ ಎಷ್ಟು ಹಗುರವಾಗಿರಬೇಕೆಂದು ಲೆಕ್ಕ ಹಾಕಿದವಳು ಒಬ್ಬಳಿರುತ್ತಾಳೆ. ಅವಳಿಗೆ ಪ್ರವಚನದ ಕೊನೆಯ ಹತ್ತು ನಿಮಿಷಗಳಷ್ಟೇ ಕೇಳಿಸಿರುತ್ತವೆ. ‘ನಿನ್ನ ಪರ್ವ ಹೇಗಾಯಿತು’ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ‘ನನ್ನಿಂದ ಈ ವರ್ಷ ಏನೂ ಆಗಲಿಲ್ಲ’ ಎಂದು ಅವಳೇ ನೊಂದುಕೊಳ್ಳುತ್ತಾಳೆ.

ಆಗಮದ ಕಣ್ಣಿನಿಂದ ನೋಡಿದರೆ ಅವಳ ಈ ಮಾತು ಸತ್ಯವಲ್ಲ. ಹನ್ನೆರಡು ತಪಗಳಲ್ಲಿ ಅನಶನ, ಎಂದರೆ ಉಪವಾಸ, ಬಾಹ್ಯ ತಪಗಳ ಸಾಲಿಗೆ ಸೇರಿದ್ದು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಅಂತರಂಗ ತಪಗಳು. ವೈಯಾವೃತ್ಯವೆಂದರೆ ಸೇವೆ, ತಪಸ್ವಿಗಳ, ರೋಗಿಗಳ, ಸಂಘದ ಶುಶ್ರೂಷೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ವೈಯಾವೃತ್ಯವನ್ನೇ ಹೆಸರಿಸಿದ್ದಾರೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವೆಂದು ಹೇಳಿದ ಷೋಡಶಕಾರಣ ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ವ್ರತಸ್ಥರ ಸೇವೆಯನ್ನು ಶ್ರದ್ಧೆಯಿಂದ ಮಾಡಿದವಳು ಪರ್ವದ ಹೊರಗೆ ನಿಂತವಳಲ್ಲ. ಅದರ ಗರ್ಭಗೃಹಕ್ಕೆ ಹತ್ತಿರ ನಿಂತವಳು.

ಆದರೆ ಈ ಮಾತನ್ನು ಹೇಳಿ ಅವಳನ್ನು ಸಮಾಧಾನಪಡಿಸಿ, ಮತ್ತೆ ಅಡುಗೆಮನೆಗೆ ಕಳುಹಿಸುವುದು ಧರ್ಮವಲ್ಲ. ಸೇವೆ ತಪವಾಗುವುದು ಅದು ಸ್ವಂತ ಇಚ್ಛೆಯಿಂದ, ಮುದಿತ ಮನಸ್ಸಿನಿಂದ ನಡೆದಾಗ. ಬೇರೆ ದಾರಿಯಿಲ್ಲದೆ ಮಾಡಿದ ಚಾಕರಿಗೆ ತಪದ ಹೆಸರಿಟ್ಟರೆ ಅದು ಹೇಳಿದವರ ಅನುಕೂಲಕ್ಕಷ್ಟೇ. ವೈಯಾವೃತ್ಯ ಅಷ್ಟು ದೊಡ್ಡ ತಪವಾಗಿದ್ದರೆ ಮನೆಯ ಗಂಡಸರೂ ಮಕ್ಕಳೂ ಅದರಲ್ಲಿ ಪಾಲು ಕೇಳಬೇಕಲ್ಲವೇ? ಹತ್ತು ದಿನಗಳಲ್ಲಿ ಎರಡು ದಿನವಾದರೂ ಅವಳು ಪ್ರವಚನವನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳುವಂತಾಗಲಿ. ಆ ದಿನ ಕಾಳು ಆರಿಸುವುದು, ನೀರು ಸೋಸುವುದು, ಪಾತ್ರೆ ತೊಳೆಯುವುದು ಇತರರ ಪಾಲಿಗೆ ಬರಲಿ. ಪರಸ್ಪರ ಉಪಕಾರವೇ ಜೀವಗಳ ಸ್ವಭಾವವೆಂದು ಸಾರುವ ಧರ್ಮದಲ್ಲಿ ಉಪಕಾರ ಒಂದೇ ದಿಕ್ಕಿಗೆ ಹರಿಯುತ್ತಿರಬಾರದು.

ಪ್ರಮೋದವನ್ನು ಕಿತ್ತುಕೊಳ್ಳುವ ಇನ್ನೊಂದು ಕಾರಣ ಸ್ಪರ್ಧೆ. ಯಾರು ಎಷ್ಟು ಉಪವಾಸ ಮಾಡಿದರು, ಅಭಿಷೇಕದ ಸವಾಲು ಯಾರ ಹೆಸರಿಗೆ ಎಷ್ಟಕ್ಕೆ ನಿಂತಿತು, ಯಾರ ಮನೆಯ ಪಾರಣೆಗೆ ಎಷ್ಟು ಜನ ಸೇರಿದರು ಎಂಬ ಮಾತುಗಳು ಪರ್ವದ ದಿನಗಳಲ್ಲಿ ಬಸದಿಯ ಅಂಗಳದಲ್ಲಿಯೇ ಕೇಳಿಬರುತ್ತವೆ. ಬಸದಿಗಳ ಜೀರ್ಣೋದ್ಧಾರಕ್ಕೆ ದ್ರವ್ಯ ಬೇಕು. ಕೊಡುವವರ ಔದಾರ್ಯ ಸ್ತುತ್ಯ. ಆದರೆ ಇನ್ನೊಬ್ಬರ ತಪವನ್ನೋ ದಾನವನ್ನೋ ಕಂಡಾಗ ಹೋಲಿಕೆ ಹುಟ್ಟಿದರೆ ಮಾತ್ಸರ್ಯ, ಮೆಚ್ಚುಗೆ ಹುಟ್ಟಿದರೆ ಪ್ರಮೋದ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಕರ್ಮಕ್ಕೆ ಮೂರು ದಾರಿಗಳನ್ನು ಜೈನಶಾಸ್ತ್ರ ಹೇಳುತ್ತದೆ. ಪಾಪದ ಅನುಮೋದನೆ ಪಾಪವಾಗುವಂತೆ ಪುಣ್ಯದ ಅನುಮೋದನೆ ಪುಣ್ಯವಾಗುತ್ತದೆ. ಪಕ್ಕದ ಮನೆಯ ಹುಡುಗಿಯ ಮೊದಲ ಉಪವಾಸವನ್ನು ಕಂಡು ಮನಸಾರೆ ಸಂತೋಷಪಟ್ಟವನಿಗೆ ಖರ್ಚಿಲ್ಲದೆ ಶುಭವೊಂದು ಒದಗಿರುತ್ತದೆ.

ವೃದ್ಧರಿಗೆ, ಸಕ್ಕರೆ ಕಾಯಿಲೆಯವರಿಗೆ, ಬಾಣಂತಿಯರಿಗೆ ಪರ್ವದ ದಿನಗಳು ಒಂದು ಬಗೆಯ ಸಂಕೋಚವನ್ನು ತರುತ್ತವೆ. ಎಲ್ಲರೂ ಉಪವಾಸವಿರುವಾಗ ತಾವು ಉಣ್ಣಬೇಕಲ್ಲ ಎಂಬ ಕೊರಗು. ಷೋಡಶಕಾರಣ ಭಾವನೆಗಳಲ್ಲಿ ತಪ ಮತ್ತು ತ್ಯಾಗಗಳೆರಡರ ಹಿಂದೆಯೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಆಚಾರ್ಯರು ಸೇರಿಸಿರುವುದು ಇಂತಹವರನ್ನು ನೆನೆದೇ ಇರಬೇಕು. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಬಾಹ್ಯ ತಪಗಳಲ್ಲಿ ಅನಶನದ ನಂತರ ಬರುವುದು ಅವಮೌದರ್ಯ, ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣುವುದು. ಆಮೇಲೆ ರಸಪರಿತ್ಯಾಗ, ತುಪ್ಪವನ್ನೋ ಉಪ್ಪನ್ನೋ ಒಂದು ದಿನದ ಮಟ್ಟಿಗೆ ಬಿಡುವುದು. ವೈದ್ಯರು ಹೇಳಿದ ಮದ್ದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡು, ಇಷ್ಟವಾದ ಒಂದು ರುಚಿಯನ್ನು ನಗುನಗುತ್ತ ಬಿಟ್ಟ ಅಜ್ಜಿಯ ತಪ ಚಿಕ್ಕದೆಂದು ಯಾರು ಹೇಳಬಲ್ಲರು?

ಅಜ್ಜಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಶ್ರವಣಬೆಳಗೊಳದ ಗುಳ್ಳಕಾಯಜ್ಜಿ. 58 ಅಡಿ ಎತ್ತರದ ಗೊಮ್ಮಟಮೂರ್ತಿಗೆ ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪಾದಗಳನ್ನು ಮುಟ್ಟಲಿಲ್ಲ, ಗುಳ್ಳಕಾಯಿಯಷ್ಟು ಪುಟ್ಟ ಪಾತ್ರೆಯಲ್ಲಿ ಮುದುಕಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿತು ಎಂಬ ಐತಿಹ್ಯ ಎಲ್ಲರಿಗೂ ತಿಳಿದದ್ದು. ಈ ಕಥೆಯನ್ನು ಸಾಮಾನ್ಯವಾಗಿ ದೊರೆಯ ಮಂತ್ರಿಯ ಗರ್ವಭಂಗದ ಕಥೆಯಾಗಿ ಹೇಳಲಾಗುತ್ತದೆ. ಅಜ್ಜಿಯ ಕಡೆಯಿಂದ ನೋಡಿದರೆ ಬೇರೆಯದೇ ಹೊಳೆಯುತ್ತದೆ. ಅಷ್ಟು ದೊಡ್ಡ ಸಂಭ್ರಮದ ನಡುವೆ, ತನ್ನ ಪಾತ್ರೆಯ ಗಾತ್ರಕ್ಕೆ ನಾಚದೆ, ಸಾಲಿನ ಕೊನೆಯಲ್ಲಿ ಕಾದು ನಿಂತ ಅವಳ ಮನಸ್ಸಿನಲ್ಲಿ ಅನಾದರದ ಎಳೆಯೂ ಇದ್ದಿರಲಾರದು. ಇಂದಿಗೂ ಅವಳ ಪ್ರತಿಮೆ ಗೊಮ್ಮಟನಿಗೆ ಎದುರಾಗಿ ನಿಂತಿದೆ, ಕೈಯಲ್ಲಿ ಅದೇ ಪುಟ್ಟ ಪಾತ್ರೆ.

ಗಡಿಬಿಡಿಯ ಬದುಕಿನಲ್ಲಿ ಧರ್ಮಕ್ಕೆ ಬಿಡುವೆಲ್ಲಿ ಎಂಬ ಪ್ರಶ್ನೆಗೆ ಉತ್ತರವಾಗಿ ಮೂಡುಬಿದಿರೆಯ ಕವಿ ರತ್ನಾಕರವರ್ಣಿ 16ನೇ ಶತಮಾನದಲ್ಲಿಯೇ ಒಂದು ಮಹಾಕಾವ್ಯವನ್ನು ಕೊಟ್ಟಿದ್ದಾನೆ. ಅವನ ಭರತೇಶ ವೈಭವದ ನಾಯಕ ಷಟ್ಖಂಡ ಭೂಮಂಡಲದ ಒಡೆಯ. ಆಸ್ಥಾನ, ಅಂತಃಪುರ, ದಿಗ್ವಿಜಯ ಎಲ್ಲವೂ ಅವನ ಹೆಗಲ ಮೇಲಿವೆ. ಅವುಗಳ ನಡುವೆಯೇ ಅವನು ಕಣ್ಮುಚ್ಚಿ ಕುಳಿತು ತನ್ನೊಳಗಿನ ಆತ್ಮನನ್ನು ಕಂಡು ಹರ್ಷಿಸುತ್ತಾನೆ. ಚಕ್ರವರ್ತಿಗೆ ದೊರೆತ ಬಿಡುವು ಸಂಸಾರಿಗೆ ದೊರೆಯದೆ ಹೋಗುವುದು ಸಮಯದ ಕೊರತೆಯಿಂದಲ್ಲ.

ಪರ್ವದ ಕೊನೆಗೆ ಬರುವುದು ಕ್ಷಮಾವಣಿ. ಶ್ವೇತಾಂಬರರು ಸಂವತ್ಸರಿಯಂದು, ದಿಗಂಬರರು ಭಾದ್ರಪದ ಬಹುಳ ಪಾಡ್ಯದಂದು ಪರಸ್ಪರ ಕ್ಷಮೆ ಕೇಳುತ್ತಾರೆ. ಈಗ ಆ ದಿನ ಮೊಬೈಲುಗಳು ಎಡೆಬಿಡದೆ ಸದ್ದು ಮಾಡುತ್ತವೆ. ಹೂವಿನ ಚಿತ್ರದ ಮೇಲೆ ‘ಮಿಚ್ಛಾಮಿ ದುಕ್ಕಡಂ’ ಎಂದು ಬರೆದ ಸಂದೇಶವೊಂದು ನೂರಾರು ಜನರಿಗೆ ಒಂದೇ ಒತ್ತಿನಲ್ಲಿ ತಲುಪುತ್ತದೆ. ಕಳುಹಿಸಿದವನಿಗೆ ಯಾರ ಮುಖವೂ ನೆನಪಿಗೆ ಬಂದಿರುವುದಿಲ್ಲ. ಆ ನೂರು ಸಂದೇಶಗಳು ಹೋಗಲಿ. ಜೊತೆಗೆ ಒಂದೇ ಒಂದು ಮನೆಯ ಬಾಗಿಲನ್ನಾದರೂ ತಟ್ಟುವಂತಾಗಲಿ. ವರ್ಷಗಳಿಂದ ಮಾತು ಬಿಟ್ಟ ಅಣ್ಣನ ಮನೆಯಾದರೂ ಸರಿ. ಅಷ್ಟು ದೂರ ಹೋಗಬೇಕಾಗಿಲ್ಲದವರಿಗೆ ಸ್ವಂತ ಅಡುಗೆಮನೆಯ ಬಾಗಿಲು ಇದ್ದೇ ಇದೆ. ಹತ್ತು ದಿನ ದುಡಿದವಳ ಮುಂದೆ ನಿಂತು, ‘ಈ ಪರ್ವದಲ್ಲಿ ನಿನ್ನ ಶ್ರಮವನ್ನು ನಾವು ಗಮನಿಸಲಿಲ್ಲ, ಕ್ಷಮಿಸು’ ಎಂದು ಮನೆಯವರು ಹೇಳಿದಾಗ ಅವಳ ಮುಖದಲ್ಲಿ ಮೂಡುವ ಪ್ರಸನ್ನತೆಗಾಗಿಯೇ ಆ ಹತ್ತು ದಿನಗಳು ಬಂದಿದ್ದವೋ ಏನೋ.

ಮರುದಿನ ಮತ್ತೆ ಅದೇ ಬಾವಿ, ಅದೇ ಬಟ್ಟೆ, ಸೋಸಬೇಕಾದ ಅದೇ ನೀರು. ಪರ್ವ ಮುಗಿದಿರುತ್ತದೆ, ಆದರೆ ಕೆಲಸ ಹಾಗೆಯೇ ಇರುತ್ತದೆ. ಅದನ್ನು ಮಾಡುವ ಕೈಗಳು ಒಂದರ ಬದಲು ಎರಡು ಜೊತೆಯಾಗಿದ್ದರೆ, ಮಾಡುವಾಗ ಮನಸ್ಸು ಅಲ್ಲಿಯೇ ಇದ್ದರೆ, ಆ ಮನೆಯಲ್ಲಿ ದಶಲಕ್ಷಣ ಚತುರ್ದಶಿಗೆ ಕೊನೆಗೊಂಡಿಲ್ಲವೆಂದೇ ತಿಳಿಯಬಹುದು.